ಚಿಟಿಕೆ ಪುಡಿಯೊಳಗೊಂದು ಬಡಾವಣೆ

ಲೋಹದ ಅಯಾನುಗಳೇ ಮೂಲೆಗಂಬಗಳು, ಅವನ್ನು ಬೆಸೆಯುವ ಸಾವಯವ ಅಣುಗಳೇ ತೊಲೆಗಳು. ದ್ರಾವಣದಲ್ಲಿ ಇವು ತಾವಾಗಿಯೇ ಕೂಡಿ ಹರಳುಗಟ್ಟಿದಾಗ ಒಳಗೆ ಸಾಲುಸಾಲು ಖಾಲಿ ಕೋಣೆಗಳು ಉಳಿಯುತ್ತವೆ. ಇದು ಲೋಹ-ಸಾವಯವ ಚೌಕಟ್ಟು. ರಸಾಯನಜ್ಞರ ಬಾಯಲ್ಲಿ ‘ಎಂಒಎಫ್’.

1999ರಲ್ಲಿ ರಸಾಯನಜ್ಞ ಒಮರ್ ಯಾಘಿ ಅವರ ತಂಡ ಪ್ರಕಟಿಸಿದ ಎಂಒಎಫ್-5ನ್ನೇ ನೋಡಿ. ಬೇಕಾದದ್ದು ಸತು, ಜೊತೆಗೆ ಪಾಲಿಯೆಸ್ಟರ್ ಬಟ್ಟೆಗೂ ನೀರಿನ ಬಾಟಲಿಗೂ ಬಳಸುವ ಟೆರೆಥ್ಯಾಲಿಕ್ ಆಮ್ಲ. ಒಂದು ಗ್ರಾಂ ಪುಡಿಯ ಒಳಮೈಯನ್ನು ಬಿಡಿಸಿ ಹರಡಿದರೆ ಸುಮಾರು 2,900 ಚದರ ಮೀಟರ್. ಬೆಂಗಳೂರಿನ ಜಯನಗರದವರ ಲೆಕ್ಕದಲ್ಲಿ 30×40 ಅಡಿಯ 26 ಸೈಟುಗಳು! ಅಷ್ಟು ಗೋಡೆ ಇರುವುದರಿಂದಲೇ ಅನಿಲಗಳು ಅಲ್ಲಿ ಅಂಟಿ ನಿಲ್ಲುತ್ತವೆ.

ಜಯನಗರದ ನೆರೆಯ ಬಸವನಗುಡಿಯಲ್ಲಿ 1934ರಲ್ಲಿ ಹುಟ್ಟಿ, ಅಲ್ಲಿನ ಆಚಾರ್ಯ ಪಾಠಶಾಲೆಯಲ್ಲಿ ಓದಿದ ರಸಾಯನಜ್ಞ ಸಿ.ಎನ್.ಆರ್. ರಾವ್ ಅವರೂ ಲೋಹದ ಕಾರ್ಬಾಕ್ಸಿಲೇಟ್‌ಗಳ ಇಂಥ ತೆರೆದ ಚೌಕಟ್ಟುಗಳನ್ನು ಹೆಣೆದವರು. ಅವರು ಕಟ್ಟಿ ಬೆಳೆಸಿದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಮಾರ್ ಮಾಜಿ ಅವರ ತಂಡ ಇಂಗಾಲದ ಡೈಆಕ್ಸೈಡನ್ನು ಆರಿಸಿ ಹಿಡಿಯುವ, ಬೆಳಕಿನ ನೆರವಿನಿಂದ ಅದನ್ನು ಇಂಧನವಾಗಿಸುವ ಚೌಕಟ್ಟುಗಳಲ್ಲಿ ತೊಡಗಿದೆ.

ಸುಸುಮು ಕಿಟಗಾವ, ರಿಚರ್ಡ್ ರಾಬ್ಸನ್ ಮತ್ತು ಯಾಘಿ ಅವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಸಂದದ್ದು ಈ ಖಾಲಿ ಕೋಣೆಗಳಿಗಾಗಿಯೇ.