ಇದ್ದಲ್ಲೇ ಇದ್ದು ಕಳವಾದದ್ದು

ಕಳವಿನ ಇತಿಹಾಸವನ್ನು ಬರೆಯಹೊರಟವನಿಗೆ 2011ನೆಯ ಇಸವಿಯ ಏಪ್ರಿಲ್ ತಿಂಗಳು ಒಂದು ವಿಚಿತ್ರವಾದ ತೊಡಕನ್ನು ಒಡ್ಡುತ್ತದೆ. ಮನೆಗೆ ಕನ್ನ ಬಿದ್ದರೆ ಪೆಟ್ಟಿಗೆ ಬರಿದಾಗಿರುತ್ತದೆ. ಹೊಲಕ್ಕೆ ಕಳ್ಳ ನುಗ್ಗಿದರೆ ತೆನೆ ಕಾಣೆಯಾಗಿರುತ್ತದೆ. ಆ ತಿಂಗಳ ಕಳವಿನಲ್ಲಿ ಯಾವ ವಸ್ತುವೂ ಕಾಣೆಯಾಗಲಿಲ್ಲ. ಕದ್ದದ್ದು ಇದ್ದಲ್ಲಿಯೇ ಇತ್ತು. ಒಡೆಯರಿಗೆ ಅದು ಹೋದದ್ದೇ ತಿಳಿಯಲಿಲ್ಲ. ಹೋದದ್ದಾದರೂ ಏನು? ಹೆಸರು, ವಿಳಾಸ, ಹುಟ್ಟಿದ ದಿನ, ಮತ್ತು ಪಾಸ್‌ವರ್ಡ್ ಎಂದು ನಾವೆಲ್ಲ ಕರೆಯುವ ಗುಟ್ಟಿನ ಮಾತು. ಒಂದು ಆಟದ ಸೇವೆಯನ್ನು ನಂಬಿ ಜನ ಒಪ್ಪಿಸಿದ್ದ ಈ ವಿವರಗಳ ಕಥೆಯನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ. ಇದು ಆಟವಾಡುವ ಹುಡುಗರ ವಿಷಯವೆಂದು ಹಿರಿಯರು ಉದಾಸೀನ ಮಾಡಬೇಕಾಗಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ತಮ್ಮ ಹೆಸರನ್ನೂ ಜನ್ಮದಿನಾಂಕವನ್ನೂ ಬರೆದುಕೊಟ್ಟಿರುವ ಪ್ರತಿಯೊಬ್ಬರ ಕಥೆಯೂ ಇದರಲ್ಲಿ ಅಡಗಿದೆ.

ಜಪಾನಿನ ಸೋನಿ ಸಂಸ್ಥೆ 2006ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರೊಡನೆಯೇ ಪ್ಲೇಸ್ಟೇಷನ್ ನೆಟ್‌ವರ್ಕ್ ಎಂಬ ಸೇವೆಯೂ ಆರಂಭವಾಯಿತು. ಟೆಲಿವಿಷನ್ನಿಗೆ ಜೋಡಿಸಿದ ಯಂತ್ರದ ಮುಂದೆ ಕುಳಿತ ಹುಡುಗ, ಕಡಲಾಚೆಯ ಅಪರಿಚಿತನೊಬ್ಬನೊಡನೆ ಅಂತರಜಾಲದ ಮೂಲಕ ಆಡಬಹುದಾಗಿತ್ತು. ಸೇರಲು ಒಂದು ಖಾತೆ ತೆರೆಯಬೇಕು. ಖಾತೆಗೆ ಹೆಸರು, ವಿಳಾಸ, ಜನ್ಮದಿನಾಂಕ ಕೊಡಬೇಕು. ಆಟ ಕೊಳ್ಳುವವರು ಬ್ಯಾಂಕಿನ ಕಾರ್ಡಿನ ಸಂಖ್ಯೆಯನ್ನೂ ಕೊಡುತ್ತಿದ್ದರು. 2011ರ ವೇಳೆಗೆ ಇಂಥ ಖಾತೆಗಳು ಸುಮಾರು 7 ಕೋಟಿ 70 ಲಕ್ಷ ಇದ್ದವು. ಅದೇ ವರ್ಷದ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ ಎಂಬುದನ್ನು ನೆನೆದರೆ ಆ ಸಂಗ್ರಹದ ಗಾತ್ರ ನಮ್ಮ ಊಹೆಗೆ ನಿಲುಕೀತು.

ಏಪ್ರಿಲ್ 17ರಿಂದ 19ರ ನಡುವೆ ಯಾರೋ ಈ ಉಗ್ರಾಣದೊಳಕ್ಕೆ ನುಗ್ಗಿದರು. 19ರಂದು ಕೆಲವು ಗಣಕಯಂತ್ರಗಳು ತಾವಾಗಿಯೇ ನಿಂತು ಮತ್ತೆ ಚಾಲೂ ಆಗುತ್ತಿದ್ದುದು ಸಂಸ್ಥೆಯ ಎಂಜಿನಿಯರುಗಳ ಕಣ್ಣಿಗೆ ಬಿತ್ತು. 20ರಂದು ಅವರು ಇಡೀ ಸೇವೆಯನ್ನೇ ಮುಚ್ಚಿದರು. ಹೊರಗಿನವರ ನುಸುಳುವಿಕೆ ಇದಕ್ಕೆ ಕಾರಣವೆಂದು 22ರಂದು ಹೇಳಿದರು. ಜನರ ಸ್ವಂತ ವಿವರಗಳೇ ಪರರ ಕೈಸೇರಿವೆ ಎಂಬ ಮಾತು ಹೊರಬಿದ್ದದ್ದು 26ರಂದು. ಆಗಿರುವ ಹಾನಿ ಎಷ್ಟೆಂದು ತಿಳಿಯಲು ಪರಿಣತರಿಗೆ ಅಷ್ಟು ದಿನ ಬೇಕಾಯಿತೆಂಬುದು ಸಂಸ್ಥೆಯ ಸಮಾಧಾನ. ಆ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಅರೆಬರೆ ತಿಳಿದದ್ದನ್ನು ಸಾರಿ ಜನರನ್ನು ಗಾಬರಿಗೊಳಿಸುವುದೂ ಹಿತವಲ್ಲ. ಆದರೆ ಆ ಆರು ದಿನಗಳನ್ನು ಕಳೆದುಕೊಂಡವರ ಕಡೆಯಿಂದಲೂ ನೋಡಬೇಕಷ್ಟೆ. ಗುಟ್ಟನ್ನು ಕದ್ದವನಿಗೆ ಅದು ಗೊತ್ತು, ಕಾಯುವವನಿಗೆ ಅನುಮಾನವಾದರೂ ಉಂಟು. ಗುಟ್ಟು ಯಾರದೋ ಅವನೊಬ್ಬನೇ ಏನೂ ಅರಿಯದೆ ನಿದ್ರಿಸುತ್ತಿದ್ದಾನೆ. ಅಮೆರಿಕದ ಸೆನೆಟ್ ಸದಸ್ಯ ರಿಚರ್ಡ್ ಬ್ಲೂಮೆಂಥಾಲ್ ಅವರು 26ರಂದೇ ಸಂಸ್ಥೆಗೆ ಪತ್ರ ಬರೆದು ಕೇಳಿದ್ದು ಈ ವಿಳಂಬದ ವಿಚಾರವನ್ನೇ. ಮೇ 1ರಂದು ಟೋಕಿಯೋದಲ್ಲಿ ಸಂಸ್ಥೆಯ ಹಿರಿಯ ಅಧಿಕಾರಿ ಕಜುವೊ ಹಿರಾಯ್ ಅವರು ಇನ್ನಿಬ್ಬರೊಡನೆ ಪತ್ರಕರ್ತರ ಮುಂದೆ ನಿಂತು, ತಮ್ಮ ನಾಡಿನ ಪದ್ಧತಿಯಂತೆ ತಲೆಬಾಗಿ ಕ್ಷಮೆ ಬೇಡಿದರು.

ಆ ದಿನಗಳಲ್ಲಿ ಎಲ್ಲರ ಚಿಂತೆಯೂ ಕಾರ್ಡುಗಳ ಮೇಲಿತ್ತು. ಸುಮಾರು 1 ಕೋಟಿ 23 ಲಕ್ಷ ಖಾತೆಗಳಲ್ಲಿ ಕಾರ್ಡಿನ ವಿವರಗಳಿದ್ದವು. ಅವನ್ನು ಗೂಢಲಿಪಿಯಲ್ಲಿ ಇಡಲಾಗಿತ್ತು. ಅವು ಕಳವಾದುದಕ್ಕೆ ಸಾಕ್ಷ್ಯವಿಲ್ಲವೆಂದೂ ಆಗಿಲ್ಲವೆಂದು ಖಚಿತವಾಗಿ ಹೇಳಲಾಗದೆಂದೂ ಸಂಸ್ಥೆ ತಿಳಿಸಿತು. ಚಿಂತೆ ಸಹಜವೇ. ಆದರೂ ನನ್ನ ಮಟ್ಟಿಗೆ ಆ ಘಟನೆಯ ತಿರುಳು ಬೇರೆಡೆ ಇದೆ. ಕಾರ್ಡು ಹೋದರೆ ಬ್ಯಾಂಕು ಇನ್ನೊಂದನ್ನು ಕೊಡುತ್ತದೆ. ಪಾಸ್‌ವರ್ಡನ್ನು ನಾವೇ ಬದಲಾಯಿಸಿಕೊಳ್ಳಬಹುದು. ಹುಟ್ಟಿದ ದಿನವನ್ನು ಬದಲಾಯಿಸಿಕೊಡುವ ಬ್ಯಾಂಕು ಯಾವುದು? ಪಾಸ್‌ವರ್ಡ್ ಮರೆತವರನ್ನು ಗುರುತಿಸಲು ಕೇಳುವ ಪ್ರಶ್ನೆಗಳಿರುತ್ತವಲ್ಲ, ಅವಕ್ಕೆ ಜನ ಬರೆದಿದ್ದ ಉತ್ತರಗಳೂ ಆಗ ಕಳ್ಳರ ಕೈಸೇರಿರಬಹುದೆಂದು ಸಂಸ್ಥೆ ಹೇಳಿತು. ತಾಯಿಯ ತವರಿನ ಹೆಸರು, ಹುಟ್ಟಿದ ಊರು ಇಂಥವು ಒಮ್ಮೆ ಬಯಲಾದರೆ ಬಯಲಾದಂತೆಯೇ. ಸೇವೆ ಮೇ 14ರಿಂದ ಪ್ರದೇಶ ಪ್ರದೇಶವಾಗಿ ಮತ್ತೆ ಆರಂಭವಾದಾಗ ಸಂಸ್ಥೆ ತನ್ನ ಗ್ರಾಹಕರಿಗೆ ಎರಡು ಆಟಗಳನ್ನು ಉಚಿತವಾಗಿ ಕೊಟ್ಟಿತು. ಕಳೆದುಹೋದದ್ದಕ್ಕೂ ಕೊಟ್ಟದ್ದಕ್ಕೂ ಸಮನಾದ ತಕ್ಕಡಿಯನ್ನು ಯಾರೂ ಇನ್ನೂ ಮಾಡಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗಣಕಯಂತ್ರದ ಪಾಸ್‌ವರ್ಡಿಗೆ ಅರವತ್ತು ವರ್ಷಗಳ ಚರಿತ್ರೆಯುಂಟು. 1961ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು, ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಒಬ್ಬರ ಕಡತವನ್ನು ಇನ್ನೊಬ್ಬರು ತೆರೆಯದಂತೆ ಪ್ರತಿಯೊಬ್ಬರಿಗೂ ಒಂದೊಂದು ಗುಟ್ಟಿನ ಪದವನ್ನು ಕೊಡಲಾಯಿತು. ಮರುವರ್ಷವೇ, ಅಂದರೆ 1962ರಲ್ಲಿ, ಅಲನ್ ಶೆರ್ ಎಂಬ ಸಂಶೋಧಕರು ತಮಗೆ ಗೊತ್ತುಮಾಡಿದ್ದ ಯಂತ್ರದ ವೇಳೆ ಸಾಲದೆ, ಆ ಪದಗಳೆಲ್ಲ ಇದ್ದ ಕಡತವನ್ನೇ ಮುದ್ರಿಸಿಕೊಡುವಂತೆ ಯಂತ್ರಕ್ಕೆ ಕೋರಿಕೆ ಸಲ್ಲಿಸಿದರು. ಯಂತ್ರ ವಿಧೇಯವಾಗಿ ಮುದ್ರಿಸಿಕೊಟ್ಟಿತು! ಬಾಗಿಲು ಭದ್ರವಾಗಿತ್ತು, ಎಲ್ಲರ ಬೀಗದ ಕೈಗಳನ್ನೂ ಒಂದೇ ಮೊಳೆಗೆ ತೂಗುಹಾಕಿದ್ದುದೇ ತಪ್ಪಾಗಿತ್ತು.

ಈ ತಪ್ಪಿಗೆ ಪರಿಹಾರವನ್ನು ಮೊದಲು ಕಂಡವರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ರೋಜರ್ ನೀಡಮ್ ಒಬ್ಬರು. ಗುಟ್ಟಿನ ಪದವನ್ನು ಕಾಯುವವನು ಆ ಪದವನ್ನು ಇಟ್ಟುಕೊಳ್ಳುವುದೇ ಬೇಡವೆಂಬುದು ಅವರ ವಿಚಾರ. ಪದವನ್ನು ಗಣಿತದ ಒರಳಿಗೆ ಹಾಕಿ ರುಬ್ಬಿ, ರುಬ್ಬಿದ್ದನ್ನು ಮಾತ್ರ ಇಟ್ಟುಕೊಂಡರೆ ಸಾಕು. ಚಟ್ನಿಯಿಂದ ಕಾಯಿಯನ್ನೂ ಮೆಣಸಿನಕಾಯಿಯನ್ನೂ ಮರಳಿ ಪಡೆಯಲಾಗದು. ಆದರೆ ಅದೇ ಸಾಮಗ್ರಿಯನ್ನು ಅದೇ ಅಳತೆಯಲ್ಲಿ ಮತ್ತೆ ತಂದುಕೊಟ್ಟರೆ ಅದೇ ಚಟ್ನಿಯಾಗುತ್ತದೆ. ಬಂದವನು ಪದವನ್ನು ಹೇಳಿದೊಡನೆ ಅದನ್ನೂ ರುಬ್ಬಿ, ಎರಡೂ ಒಂದೇ ಆಗಿದ್ದರೆ ಒಳಬಿಡಬಹುದು. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಒಂದು ಪ್ರಬಂಧದಲ್ಲಿ ಇದಕ್ಕೆ ಇನ್ನೊಂದು ಉಪಾಯವನ್ನು ಸೇರಿಸಿದರು. ಇಬ್ಬರು ಒಂದೇ ಪದವನ್ನು ಆರಿಸಿಕೊಂಡರೂ ಫಲ ಬೇರೆ ಬೇರೆಯಾಗುವಂತೆ, ಒಬ್ಬೊಬ್ಬರ ಪದಕ್ಕೂ ಯದೃಚ್ಛೆಯಾಗಿ ಆರಿಸಿದ ಒಂದು ಚಿಟಿಕೆಯನ್ನು ಬೆರೆಸಿ ರುಬ್ಬುವುದು. ಅವರು ಅದಕ್ಕೆ ಇಟ್ಟ ಹೆಸರು ‘ಉಪ್ಪು’. ಇದರಿಂದ ನನಗೆ ಹೊಳೆಯುವುದಿಷ್ಟು: ಗುಟ್ಟನ್ನು ಕಾಯುವ ಕಲೆ ಮುಂದುವರಿದದ್ದು ಗೋಡೆಯನ್ನು ಎತ್ತರಿಸಿದ್ದರಿಂದಷ್ಟೇ ಅಲ್ಲ, ಗೋಡೆಯೊಳಗೆ ಇಡುವುದನ್ನು ಕಡಮೆ ಮಾಡಿದ್ದರಿಂದ. ಇಟ್ಟುಕೊಳ್ಳದೆ ಇದ್ದುದನ್ನು ಯಾವ ಕಳ್ಳನೂ ಕದಿಯಲಾರ.

2011ರ ಸಂಗತಿಗೆ ಮರಳಿದರೆ, ಈ ಮಾತಿಗೆ ಅದರಲ್ಲೇ ಉದಾಹರಣೆ ದೊರೆಯುತ್ತದೆ. ಮೇ 2ರಂದು ಸೋನಿಯ ಇನ್ನೊಂದು ಆಟದ ಶಾಖೆಯಿಂದಲೂ ಸುಮಾರು 2 ಕೋಟಿ 46 ಲಕ್ಷ ಖಾತೆಗಳ ವಿವರ ಹೋಗಿರಬಹುದೆಂದು ಪ್ರಕಟವಾಯಿತು. ಅದರ ಜೊತೆಗೆ 2007ರ ಒಂದು ಹಳೆಯ ದಾಖಲೆಸಂಗ್ರಹವೂ ಕಳ್ಳರ ಕೈಗೆ ಸಿಕ್ಕಿತ್ತು. ಅಮೆರಿಕದ ಹೊರಗಿನ ಸುಮಾರು 12,700 ಕಾರ್ಡುಗಳ ಸಂಖ್ಯೆಗಳೂ, ಆಸ್ಟ್ರಿಯ, ಜರ್ಮನಿ, ನೆದರ್‌ಲೆಂಡ್ಸ್, ಸ್ಪೇನ್ ದೇಶಗಳ ಸುಮಾರು 10,700 ಗ್ರಾಹಕರ ಬ್ಯಾಂಕು ಪಾವತಿಯ ದಾಖಲೆಗಳೂ ಅದರಲ್ಲಿದ್ದವು. ಕಾಲ ಸಂದ ಕಡತವೊಂದು ನಾಲ್ಕು ವರ್ಷ ಮೂಲೆಯಲ್ಲಿ ಉಳಿದಿತ್ತು. ಒಡೆಯ ಮರೆತದ್ದನ್ನು ಕಳ್ಳ ಹುಡುಕಿಕೊಂಡ. ಹಳೆಯದನ್ನು ಸುಡದೆ ಅಟ್ಟದ ಮೇಲಿಡುವ ಅಭ್ಯಾಸ ಮನೆವಾರ್ತೆಯಲ್ಲಿ ಗುಣವಿರಬಹುದು. ಪರರ ವಿವರಗಳ ವಿಚಾರದಲ್ಲಿ ಅದು ದೋಷವೇ ಸರಿ.

ಬ್ರಿಟನ್ನಿನ ಮಾಹಿತಿ ಆಯುಕ್ತರು 2013ರ ಜನವರಿಯಲ್ಲಿ ಸೋನಿಯ ಯುರೋಪಿನ ಶಾಖೆಗೆ 2 ಲಕ್ಷ 50 ಸಾವಿರ ಪೌಂಡುಗಳ ದಂಡ ವಿಧಿಸಿದರು. ತಂತ್ರಾಂಶವನ್ನು ಕಾಲಕಾಲಕ್ಕೆ ಸರಿಪಡಿಸಿಕೊಂಡಿದ್ದರೆ ಈ ಕಳವನ್ನು ತಡೆಯಬಹುದಾಗಿತ್ತೆಂಬುದು ಅವರ ಅಭಿಪ್ರಾಯ. ಪಾಸ್‌ವರ್ಡಿನ ಜೊತೆಗೆ ಮೊಬೈಲಿಗೆ ಬರುವ ಸಂಖ್ಯೆಯನ್ನೂ ಕೇಳುವ ಎರಡನೆಯ ಬಾಗಿಲು ಈ ಸೇವೆಗೆ ಬಂದದ್ದು 2016ರಲ್ಲಿ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನೆನಪಾಗುತ್ತದೆ. ಆದರೂ, ಹಾಕದೆ ಬಿಡುವುದಕ್ಕಿಂತ ಹಾಕಿದ್ದು ಲೇಸು.

ಕಾನೂನುಗಳೂ ಇಂಥ ಕೊಳ್ಳೆಗಳ ಬೆನ್ನಿಗೇ ಹುಟ್ಟಿವೆ. 2002ರಲ್ಲಿ ಕ್ಯಾಲಿಫೋರ್ನಿಯದ ಸರ್ಕಾರಿ ನೌಕರರ ಸಂಬಳದ ದಾಖಲೆಗಳಿಗೆ ಕನ್ನ ಬಿದ್ದು, 2 ಲಕ್ಷಕ್ಕೂ ಹೆಚ್ಚು ಜನರ ವಿವರ ಬಯಲಾಗಿತ್ತು. ವಿವರ ಕಳವಾದರೆ ಸಂಬಂಧಪಟ್ಟವರಿಗೆ ತಿಳಿಸಲೇಬೇಕೆಂಬ ಕಾನೂನು ಆ ರಾಜ್ಯದಲ್ಲಿ 2003ರ ಜುಲೈಯಿಂದ ಜಾರಿಗೆ ಬಂತು. ಯುರೋಪಿನಲ್ಲಿ 2018ರಿಂದ ಜಾರಿಯಾದ ನಿಯಮ, ಅಧಿಕಾರಿಗಳಿಗೆ ವರದಿ ಮಾಡಲು 72 ಗಂಟೆಗಳ ಗಡುವನ್ನು ಹಾಕಿದೆ. ನಮ್ಮ ದೇಶದಲ್ಲಿ ಈ ವಿಚಾರಕ್ಕೆ ತಳಹದಿ ಹಾಕಿದ ಮೊಕದ್ದಮೆಗೆ ಕನ್ನಡ ನಾಡಿನವರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದಾಗ ಅವರಿಗೆ ಎಂಬತ್ತಾರು ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯಲ್ಲಿ, ಕಳವಾದರೆ ತಿಳಿಸಬೇಕೆಂಬ ವಿಧಿಯೂ, ಕೆಲಸ ಮುಗಿದ ಮೇಲೆ ವಿವರವನ್ನು ಅಳಿಸಬೇಕೆಂಬ ವಿಧಿಯೂ ಇವೆ. ನಾನು ಮೇಲೆ ಹೇಳಿದ ಎರಡು ಪಾಠಗಳೂ ಹೀಗೆ ಶಾಸನದ ಭಾಷೆಯನ್ನು ಪಡೆದಿವೆ.

ಕಾನೂನು ತನ್ನ ದಾರಿಯಲ್ಲಿ ಸಾಗಲಿ. ನಾವು ಮಾಡಬಹುದಾದದ್ದೂ ಉಂಟು. 2011ರ ಅಕ್ಟೋಬರಿನಲ್ಲಿ ಅದೇ ಸೋನಿಯ ಸೇವೆಗಳಲ್ಲಿ, ಬೇರೆಲ್ಲೋ ಕದ್ದ ಪಾಸ್‌ವರ್ಡುಗಳ ಪಟ್ಟಿಯನ್ನು ಹಿಡಿದು ಬಂದವರು ಒಂದೊಂದಾಗಿ ಪ್ರಯೋಗಿಸಿ ನೋಡಿದರು. ಸುಮಾರು 93,000 ಖಾತೆಗಳಲ್ಲಿ ಅವು ಹೊಂದಿಕೊಂಡವು. ಎರಡು ಮನೆಗೆ ಒಂದೇ ಬೀಗದ ಕೈ ಇಟ್ಟುಕೊಂಡವರ ಪಾಡು ಇದು. ಆದಕಾರಣ ಒಂದೊಂದು ಖಾತೆಗೂ ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಮಿಂಚಂಚೆಯ ಪಾಸ್‌ವರ್ಡಂತೂ ಇನ್ನೆಲ್ಲಿಯೂ ಬಳಕೆಯಾಗದಿರಲಿ, ಉಳಿದ ಎಲ್ಲ ಬಾಗಿಲುಗಳ ಕೈಯೂ ಅಲ್ಲಿಗೇ ಬಂದು ಸೇರುತ್ತದೆ. ನೆನಪಿನಲ್ಲಿ ಉಳಿಯದಿದ್ದರೆ ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡುವುದು, ಎಲ್ಲ ಕಡೆಗೂ ಒಂದನ್ನೇ ಬಳಸುವುದಕ್ಕಿಂತ ಮೇಲು. ಎರಡನೆಯ ಬಾಗಿಲನ್ನು ಹಾಕಿಕೊಳ್ಳುವ ಅವಕಾಶವಿದ್ದಲ್ಲಿ ಹಾಕಿಕೊಳ್ಳಿ. ಕಳವಿನ ಸುದ್ದಿ ಬಂದಾಗ, ಅದೇ ಸಂಸ್ಥೆಯ ಹೆಸರಿನಲ್ಲಿ ಬರುವ ಕರೆಗಳನ್ನೂ ಪತ್ರಗಳನ್ನೂ ಒಡನೆಯೇ ನಂಬಬೇಡಿ. ನಿಮ್ಮ ಹೆಸರು, ಹುಟ್ಟಿದ ದಿನ ಬಲ್ಲವನು ನಿಮ್ಮ ಹಿತೈಷಿಯೇ ಆಗಿರಬೇಕೆಂದಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ಕೇಳಿದವರಿಗೆಲ್ಲ ಕೇಳಿದ್ದನ್ನೆಲ್ಲ ಬರೆದುಕೊಡುವ ಮುನ್ನ ಒಂದು ಕ್ಷಣ ತಡೆಯುವುದನ್ನು ಕಲಿಯಬೇಕು. ಆಟವಾಡಲು ನನ್ನ ಮನೆಯ ವಿಳಾಸವೇಕೆ? ಸೀರೆ ಕೊಳ್ಳಲು ನನ್ನ ಹುಟ್ಟಿದ ದಿನವೇಕೆ? ಎಂದು ಕೇಳುವುದು ಒರಟುತನವಲ್ಲ. ಬದಲಾಯಿಸಲಾಗದ ಕೆಲವು ಸಂಗತಿಗಳು ಪ್ರತಿಯೊಬ್ಬನ ಬಾಳಿನಲ್ಲೂ ಇರುತ್ತವೆ. ಅವುಗಳಿಗೆ ನಮ್ಮ ಮೌನಕ್ಕಿಂತ ಭದ್ರವಾದ ಪೆಟ್ಟಿಗೆಯನ್ನು ನಾನಂತೂ ಕಂಡಿಲ್ಲ.