ಬೈಟು

‘ಅಣ್ಣ, ಒಂದು ಬೈಟು.’ ನಂಜನಗೂಡಿನ ಯಾವ ಟೀ ಅಂಗಡಿಯಲ್ಲಾದರೂ ಇಷ್ಟು ಸಾಕು, ಟೀ ಎಂದು ಬೇರೆ ಹೇಳಬೇಕಿಲ್ಲ. ಒಂದು ಟೀ ಎರಡು ಲೋಟಕ್ಕೆ ಬೀಳುತ್ತದೆ. ಲೆಕ್ಕದ ಪುಸ್ತಕದ ‘ಒನ್ ಬೈ ಟು’ ಹೋಟೆಲಿಗೆ ಬಂದು ತಲೆಯ ಮೇಲಿನ ‘ಒನ್’ ಇಳಿಸಿತು, ಮಿಕ್ಕ ಎರಡು ಪದ ಒಂದಕ್ಕೊಂದು ಅಂಟಿದವು. ಆಮೇಲೆ ಅದು ನಮ್ಮದೇ ಮಾತಿನಂತೆ ಪ್ರತ್ಯಯ ಹಚ್ಚಿಕೊಂಡು ಓಡಾಡಿತು: ಬೈಟುಗೆ ಕಾಸು ಕೊಡು, ಬೈಟಲ್ಲೇ ಸಾಕು, ಬಾ ಬೈಟು ಹೊಡೆಯೋಣ. ಮೂರನೆಯವನು ಬಂದರೆ ಮಾತ್ರ ಅಚ್ಚ ಕನ್ನಡ: ‘ಎರಡರಲ್ಲಿ ಮೂರು ಮಾಡಣ್ಣ.’

ಟೀ ಎಂಬ ಹೆಸರಿನದೂ ದೂರದ ಪಯಣವೇ. ಚೀನಾದ ಫುಜಿಯಾನ್ ಕರಾವಳಿಯವರ ‘ಟೆ’ ಡಚ್ಚರ ಹಡಗು ಹತ್ತಿ ಯುರೋಪಿಗೆ ಹೋಗಿ, ಇಂಗ್ಲಿಷರ ಬಾಯಿಂದ ಮೈಸೂರು ಸೀಮೆಗೆ ಬಂತು. ಧಾರವಾಡದ ಚಹಾ, ಮಂಗಳೂರಿನ ಚಾ ಅದೇ ಚೀನಾದ ಇನ್ನೊಂದು ಉಚ್ಚಾರದ ಮಕ್ಕಳು. ಕೋಳಿಕ್ಕೋಡಿನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ಟಿ. ನರಸೀಪುರ ದಾಟಿ ಕೊಳ್ಳೇಗಾಲಕ್ಕೆ ಹೋಗುವ 766ನೇ ಹೆದ್ದಾರಿಯಲ್ಲಿ ವಯನಾಡಿನ ‘ಚಾಯ’ ಗಡಿ ದಾಟುತ್ತಲೇ ‘ಟೀ’ ಆಗುತ್ತದೆ.

ಬೈಟು ಹೇಳಲು ಇಬ್ಬರು ಬೇಕು. ನನಗೆ ಈ ಮಾತು ಇಷ್ಟವಾಗುವುದು ಅದಕ್ಕೇ. ಕಾಫಿ ಪುಡಿ ತಯಾರಾಗುವ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬಿಟ್ಟವರು, ಮೈಸೂರು ರೇಷ್ಮೆ ಸೀರೆಗೆ ನೂಲು ತೆಗೆಯುವ ಟಿ. ನರಸೀಪುರದ ಕಾರ್ಖಾನೆಯವರು, ಕಾವೇರಿ-ಕಪಿಲೆಯ ಸಂಗಮದಲ್ಲಿ ಮಿಂದು ಚಳಿಯಲ್ಲಿ ಮೇಲೆ ಬಂದವರು, ಯಾರೇ ಆಗಲಿ, ಬೈಟು ಎಂದರೆ ಪಕ್ಕದಲ್ಲಿ ಇನ್ನೊಬ್ಬರಿದ್ದಾರೆ. ಸಾಲದ ಮಾತು, ಹೆಣ್ಣು-ಗಂಡಿನ ಮಾತು, ಭತ್ತದ ಬೆಲೆ, ಎಲ್ಲ ಆ ಅರ್ಧ ಲೋಟದಲ್ಲೇ ಮುಗಿಯುತ್ತವೆ.

ಆದರೆ ಇದೇ ಸೀಮೆಯಲ್ಲಿ ಟೀಗೆ ಇನ್ನೊಂದು ಚರಿತ್ರೆಯೂ ಇದೆ. ಹಳ್ಳಿಯ ಟೀ ಅಂಗಡಿಗಳಲ್ಲಿ ದಲಿತರಿಗೆಂದು ಬೇರೆ ಲೋಟ. ಅದನ್ನು ಗೂಡಿನಲ್ಲೋ ಸೂರಿನ ಸಂದಿಯಲ್ಲೋ ಇಟ್ಟಿರುತ್ತಿದ್ದರು. ಕುಡಿದವರೇ ತೊಳೆದು ಅಲ್ಲೇ ಇಡಬೇಕಿತ್ತು. ಅಂಥವರೊಡನೆ ಬೈಟು ಹೇಳಿದವರು ಎಷ್ಟು ಮಂದಿ? ದಲಿತರ ಬದುಕನ್ನು ಬರೆದ ಸಾಹಿತಿ ದೇವನೂರ ಮಹಾದೇವರ ಹುಟ್ಟೂರು ನಂಜನಗೂಡು ತಾಲ್ಲೂಕಿನದು. 1927ರಲ್ಲಿ ಗಾಂಧೀಜಿ ಬಂದಿದ್ದ ಖಾದಿ ಕೇಂದ್ರದ ಬದನವಾಳೂ ಇಲ್ಲಿಯದೇ. ಅದೇ ಬದನವಾಳಿನಲ್ಲಿ 1993ರಲ್ಲಿ, ದೇವಸ್ಥಾನ ಪ್ರವೇಶದ ವೈಷಮ್ಯ ಬೆಳೆದು, ಮೂವರು ದಲಿತರ ಕೊಲೆಯಾಯಿತು. ಗುಡಿಯ ಹೊಸ್ತಿಲಿಗೂ ಅಂಗಡಿಯ ಲೋಟಕ್ಕೂ ನಡುವೆ ಹೆಚ್ಚು ದೂರವಿಲ್ಲ.

ಈಗ ಬಹುತೇಕ ಕಡೆ ಕಾಗದದ ಲೋಟ. ಎಲ್ಲರಿಗೂ ಒಂದೇ, ಕುಡಿದು ಬಿಸಾಡಿದರೆ ಆಯಿತು. ಬೇರೆ ಲೋಟ ಹೋಯಿತೆಂದು ಸಂತೋಷಪಡುವವರಿದ್ದಾರೆ. ನನಗೆ ಪೂರ್ತಿ ಸಮಾಧಾನವಿಲ್ಲ. ಎಂಜಲು ಲೋಟ ತೊಳೆಯುವ ಪ್ರಶ್ನೆಯೇ ಎದ್ದು ಹೋದಾಗ, ಯಾರ ಎಂಜಲು ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಡಬೇಕಾಗಲಿಲ್ಲ. ಮನಸ್ಸು ಬದಲಾಗಿದ್ದರಿಂದಲ್ಲ, ಸರಕು ಬದಲಾಗಿದ್ದರಿಂದ ಸಿಕ್ಕ ಸಮಾನತೆ ಅದು. ಅದರ ಜೊತೆಗೆ ಬೈಟುವಿನ ಹದವೂ ಕೆಟ್ಟಿದೆ. ಆ ಪುಟ್ಟ ಲೋಟದಲ್ಲಿ ಒಂದು ಟೀಯೇ ಎರಡು ಗುಟುಕು, ಅದನ್ನು ಇಬ್ಬರಿಗೆ ಹಂಚುವುದು ಹೇಗೆ?

ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ: ಗಾಜಿನ ಲೋಟ ಮತ್ತೆ ತನ್ನಿ, ಕುಡಿದವರು ಯಾರೇ ಆಗಿರಲಿ ಒಂದೇ ಬಿಸಿನೀರಿನಲ್ಲಿ ತೊಳೆಯಿರಿ. ಕುಡಿಯುವವರಲ್ಲಿ ಇನ್ನೊಂದು: ಎಲ್ಲಾದರೂ ಲೋಟ ಬೇರೆ ಇಟ್ಟಿದ್ದು ಕಂಡರೆ ಸುಮ್ಮನೆ ಎದ್ದು ಬರಬೇಡಿ, ಕೇಳಿ, ದೂರು ಕೊಡಿ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮು ಹೋಟೆಲಿನಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಗಳನ್ನು ಹೆಸರಿಸಿಯೇ ಹೇಳುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ಅವನ್ನು ಬಳಸಗೊಡದಿರುವುದು ಅಪರಾಧ, ಅದಕ್ಕೆ ಜೈಲುಶಿಕ್ಷೆಯಿದೆ.