ಚೆಂಡಿಗಿಲ್ಲದ ಮೈಲಿಗೆ

ಭಾರತದ ಕ್ರಿಕೆಟ್ ಚರಿತ್ರೆಯನ್ನು ರಾಜಮಹಾರಾಜರಿಂದ ಸುರು ಮಾಡೋದು ರೂಢಿ. ಹೊರ್ತಿಯ ಬಯಲಿನಾಗ ಚೆಂಡು ಹಿಡಿದ ನಮ್ಮ ಹುಡುಗರಿಗೆ ನಾವು ಬೇರೆ ಹೆಸರು ಹೇಳಬೇಕಾಗಿದೆ: ಪಾಲವಣಕರ ಬಾಳೂ.

ಇಂಡಿ, ಧಾರವಾಡ, ಪುಣೆ ಎಲ್ಲವೂ ಮುಂಬೈ ಪ್ರಾಂತದಾಗ ಇದ್ದ ಕಾಲ. 1876ರಲ್ಲಿ ಧಾರವಾಡದಲ್ಲಿ, ಚಮ್ಮಾರ ಕುಟುಂಬದಲ್ಲಿ ಹುಟ್ಟಿದ ಬಾಳೂ, ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿಗೆ ದುಡಿದ. ರೋಲರ್ ಎಳೆದ, ಬಲೆ ಕಟ್ಟಿದ. ಅಭ್ಯಾಸಕ್ಕೆ ಬಂದ ಸಾಹೇಬರಿಗೆ ಎಡಗೈಯಿಂದ ತಾಸುಗಟ್ಟಲೆ ಚೆಂಡು ಎಸೆದ. ಅವನ ಕೈಗೆ ಬ್ಯಾಟು ಮಾತ್ರ ಯಾರೂ ಕೊಡಲಿಲ್ಲ.

ಆ ಸಾಹೇಬರನ್ನು ಸೋಲಿಸಬೇಕೆಂದಾಗ ಪುಣೆಯ ಹಿಂದೂ ತಂಡಕ್ಕೆ ಅವನೇ ಬೇಕಾದ. ಅವನು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಒಳಗಿನವರಿಗೆ ಪಿಂಗಾಣಿ ಕಪ್ಪು, ಅವನಿಗೆ ಹೊರಗೆ ಮಣ್ಣಿನ ಕುಡಿಕೆ. ಚೆಂಡಿಗಿಲ್ಲದ ಮೈಲಿಗೆ ಕಪ್ಪಿಗೆ ಎಲ್ಲಿಂದ ಬಂತು?

1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ಸೋಲೇ ಹೆಚ್ಚಾದ ಆ ಪ್ರವಾಸದಲ್ಲಿ ಬಾಳೂ ಒಬ್ಬನೇ 114 ವಿಕೆಟ್ ಕಿತ್ತ. ಆದರೂ ಹಿಂದೂ ತಂಡದ ನಾಯಕನ ಪಟ್ಟ ಅವನಿಗೆ ಕಟ್ಟಲಿಲ್ಲ. 1920ರಲ್ಲಿ ತಮ್ಮಂದಿರಾದ ವಿಠ್ಠಲ, ಶಿವರಾಮ ತಂಡದಿಂದ ಹೊರಬಂದು ಜಾತಿಯ ಲೆಕ್ಕವನ್ನು ಬಹಿರಂಗವಾಗಿ ಪ್ರಶ್ನಿಸಿದರು. 1923ರಲ್ಲಿ ವಿಠ್ಠಲ ನಾಯಕನಾದ. ಆ ಪಟ್ಟ ಯಾರ ಔದಾರ್ಯದಿಂದಲೂ ಬಂದದ್ದಲ್ಲ, ಕೇಳಿ ಪಡೆದದ್ದು.

1937ರ ಚುನಾವಣೆಯಲ್ಲಿ ಬಾಳೂ ಅಂಬೇಡ್ಕರರ ಎದುರು ನಿಂತು ಸೋತ. ಅದನ್ನೂ ನಾವು ಮುಚ್ಚಿಡಬೇಕಾಗಿಲ್ಲ. ನಮ್ಮವರನ್ನು ದೇವರು ಮಾಡೋದು ಬ್ಯಾಡ, ಮರೆಯೋದೂ ಬ್ಯಾಡ.

ಮಾಸ್ತರರೇ, ಆಟದ ಪಿರಿಯಡ್ಡಿನಾಗ ಈ ಹೆಸರನ್ನೂ ಒಮ್ಮೆ ಹೇಳ್ರಿ.